ಗೂಬೆಯ ಅಧಿಕೃತ ಭೇಟಿ

ಕಾಡಿನ ಸದನದಲ್ಲಿ ಪ್ರಶ್ನೋತ್ತರ ನಡೆದಿತ್ತು. ಶಾಸಕ ಮರಕುಟಿಗ ಎದ್ದು ನಿಂತು ಕೇಳಿತು: "ಹೊಳೆಯಾಚೆಯ ಕಾಡಿನಲ್ಲಿ ತೋಳರಾಜ ಮೊಲಗಳನ್ನು ಮುಳ್ಳುಬೇಲಿಯೊಳಗೆ ಕೂಡಿಹಾಕಿ ಹಿಂಸಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ, ಕೈಗೊಂಡ ಕ್ರಮವೇನು?"

ವಿದೇಶಾಂಗ ಸಚಿವ ಗೂಬೆ ಬಾಯಿಪಾಠ ಒಪ್ಪಿಸಿತು: "ಬಂದಿಲ್ಲ. ಆದ್ದರಿಂದ ಕ್ರಮದ ಪ್ರಶ್ನೆ ಉದ್ಭವಿಸುವುದಿಲ್ಲ. ಹೋದ ವಾರ ನಾನೇ ಖುದ್ದಾಗಿ ಆ ಬೇಲಿಯೊಳಗೆ ಹೋಗಿ ಬಂದೆ. ಒಂದು ಮೊಲವೂ ಕಾಣಲಿಲ್ಲ. ಆತಿಥ್ಯ ಮಾತ್ರ ಬಹಳ ಚೆನ್ನಾಗಿತ್ತು."

"ಎಷ್ಟು ಹೊತ್ತಿಗೆ ಹೋಗಿದ್ದಿರಿ?"

"ನಡುಮಧ್ಯಾಹ್ನ. ಅವರು ಆಹ್ವಾನಿಸಿದ್ದೇ ಆ ಹೊತ್ತಿಗೆ."

"ಹಗಲಲ್ಲಿ ತಮಗೆ ಕಣ್ಣು ಕಾಣುವುದಿಲ್ಲವಲ್ಲ, ಸ್ವಾಮಿ."

"ಕರೆದ ಹೊತ್ತಿಗೆ ಹೋಗುವುದು ಶಿಷ್ಟಾಚಾರ."

ಮರಕುಟಿಗಕ್ಕೆ ತಾಳ್ಮೆ ಕೆಟ್ಟಿತು. ಬೇಲಿ ನುಸುಳಿ ತಪ್ಪಿಸಿಕೊಂಡು ಬಂದಿದ್ದ ಮೊಲವೊಂದನ್ನು ಕರೆದು ಸಚಿವರ ಮೇಜಿನ ಮೇಲೆಯೇ ಕೂರಿಸಿತು. ಅದರ ಒಂದು ಕಿವಿ ಹರಿದಿತ್ತು. "ಇದಕ್ಕೇನು ಹೇಳುತ್ತೀರಿ?"

ಗೂಬೆ ಬಿಸಿಲಿಗೆ ಕಣ್ಣು ಪಿಳುಕಿಸಿತು. ಏನೂ ಕಾಣದೆ ರೆಕ್ಕೆ ಚಾಚಿ ಮೊಲದ ಬೆನ್ನು ಸವರಿತು. ಗೂಬೆಯ ಮುಖ ಅರಳಿತು.

"ಗೊತ್ತಾಯಿತು, ಸಭಾಧ್ಯಕ್ಷರೇ," ಎಂದಿತು. "ತೋಳರಾಜರು ನನಗೆ ಕೂರಲು ಹಾಸಿದ್ದ ಗಾದಿಯೂ ಹೀಗೇ ಮೆತ್ತಗಿತ್ತು."