ಗುಡುಗದೇ ಹೋದ ಶಾಪ

ನಮ್ಮ ನಾಟಕ ಕಂಪನಿಯಲ್ಲಿ ಪರದೆಗೆ ಬಣ್ಣ ಬಳಿಯುವವನು ನಾನೇ, ಅದನ್ನು ಎಳೆಯುವವನು ನಾನೇ, ದೀಪ ಹಾಕಿ ಮಿಂಚಿಸುವವನು ನಾನೇ, ತಗಡು ಬಡಿದು ಗುಡುಗಿಸುವವನೂ ನಾನೇ. ಹೊಸ ಮಾಲೀಕ ಗುರುಶಾಂತಪ್ಪ ಎಲ್ಲರೆದುರು ಮೂಗು ಮುರಿದ. "ಎಲ್ಲಾದ್ರಾಗೂ ಕೈ ಹಾಕಾಂವಂಗ ಒಂದೂ ನೆಟ್ಟಗ ಬರಂಗಿಲ್ಲ. ಒಂದ ಕೆಲಸ ಹಿಡಿ!"

ನನಗೆ ಮೈಯೆಲ್ಲ ಉರಿಯಿತು. "ಪರದೆ ಎಳೀತೀನ್ರಿ," ಅಂದೆ. ಉಳಿದ ಕೆಲಸಕ್ಕೆ ಪರಿಣತರು ಬಂದರು.

ಮುಂದಿನ ಆಟದಲ್ಲಿ ಋಷಿ ಕೈಯೆತ್ತಿ ಶಾಪ ಕೊಟ್ಟ. ಮೊದಲು ಗುಡುಗಲಿ ಎಂದು ದೀಪದವನು ಕಾದ. ಮೊದಲು ಮಿಂಚಲಿ ಎಂದು ತಗಡಿನವನು ಕಾದ. ಋಷಿ ಎತ್ತಿದ ಕೈ ಇಳಿಸದೆ ಅದೇ ಶಾಪವನ್ನು ಮತ್ತೊಮ್ಮೆ ಕೊಟ್ಟ. ಜನ ಸಿಳ್ಳೆ ಹೊಡೆದರು.

ಗುರುಶಾಂತಪ್ಪ ನನ್ನತ್ತ ಓಡಿ ಬಂದ. "ಏನರ ಮಾಡೋ ತಮ್ಮಾ!"

"ಒಂದ ಕೆಲಸ ಹಿಡಿ ಅಂದವ್ರು ನೀವ," ಎಂದು ಪರದೆಯ ಹಗ್ಗ ತೋರಿಸಿದೆ. "ಹಿಡಕೊಂಡ ನಿಂತೀನ್ರಿ. ಎಳದಬಿಡ್ಲ್ಯಾ?"