ಅಣ್ಣನ ಬಾಯಿಂದ ಹೇಳಿದ ಕಥೆ

ಹಿರೇಜಾಲಿಯ ನೇಕಾರರ ಓಣಿಯ ಕೊನೆಗೆ, ಮಣ್ಣುಗೋಡೆಯ ಎರಡಂಕಣದ ಮಠದಲ್ಲಿ ಪೂಜ್ಯ ಅಡವಯ್ಯಜ್ಜನವರು ವಾಸವಾಗಿದ್ದರು. ಮಠವೆಂಬುದು ಹೆಸರಿಗಷ್ಟೇ, ನೆಲ ಸಾರಿಸಲಿಕ್ಕೂ ಆಳಿರಲಿಲ್ಲ. ಆ ದಿನ ಬೆಳಿಗ್ಗೆ ಅಜ್ಜನವರೇ ಮೊಣಕಾಲೂರಿ ಕುಳಿತು, ಸೆಗಣಿ ಕಲಸಿದ ಮಣ್ಣಿನಿಂದ ಜಗಲಿ ಸಾರಿಸುತ್ತಿದ್ದರು. ನೀರು ಹನಿಸಿಕೊಡಲು ಮುದುಕಿ ಈರವ್ವ ಇದ್ದಳು.

ತೋಟಪ್ಪ ಬಂದದ್ದು ಆಗ. ಕೈಯಲ್ಲಿ ಗರಗಸ.

ಆ ಓಣಿಯಲ್ಲೊಂದು ನಡಾವಳಿ. ಅಜ್ಜನವರ ಕೈಯ ಭಸ್ಮ ಹಚ್ಚದೆ ಮಗ್ಗ ಹೂಡುವಂತಿಲ್ಲ, ಕೀಳುವಂತೆಯೂ ಇಲ್ಲ. ತೋಟಪ್ಪನಿಗೆ ಭಸ್ಮದಲ್ಲಿ ನಂಬಿಕೆಯಿರಲಿಲ್ಲ. ಓಣಿಯ ಬಾಯಿಗೆ ಹೆದರಿ ಬಂದಿದ್ದ. ವರ್ಷದ ಹಿಂದೆ ತೀರಿಹೋದ ತಂದೆಯ ಮಗ್ಗದ ಮೇಲೆ ಈಗ ಅಣ್ಣ ಗುರುಬಸಪ್ಪ ನೇಯುತ್ತಿದ್ದ. ಅದನ್ನು ಮಧ್ಯಾಹ್ನದೊಳಗೆ ನಡುವಿಗೆ ಕೊಯ್ದು ಅರ್ಧ ಹೊತ್ತೊಯ್ಯುವೆ, ಅಡ್ಡ ಬಂದರೆ ಅಣ್ಣನ ಕೈಯೂ ಉಳಿಯದು ಎಂದು ಚಹಾದಂಗಡಿಯಲ್ಲಿ ಸಾರಿ ಬಂದಿದ್ದ.

"ಅಜ್ಜಾರ, ಭಸ್ಮ ಕೊಡ್ರಿ. ಹೊತ್ತಾಗತೈತಿ."

"ಕೈ ಸೆಗಣ್ಯಾಗ ಐತಪಾ. ಇದೊಂದೀಟು ಮುಗಿಸ್ತೀನಿ. ಅಲ್ಲೀತನಕ ನಿನ್ನ ಕಥಿ ಹೇಳು."

"ಅಯ್ಯ, ಮತ್ತ ಅದನ್ನ?" ಎಂದಳು ಈರವ್ವ. "ಓಣ್ಯಾಗಿನ ಆಡಿಗೂ ಬಾಯಿಪಾಠ ಆಗೈತಿ."

ತೋಟಪ್ಪ ಹೇಳಿದ. ಹೇಳಿ ಹೇಳಿ ನುಣುಪಾದ ಕಥೆ. ತಾನು ನೂಲಿಗೆ ಬಣ್ಣ ಕಟ್ಟಿಸಲು ಪರವೂರಿಗೆ ಹೋಗಿದ್ದು, ಇತ್ತ ತಂದೆ ತೀರಿದ್ದು, ಅಣ್ಣ ಒಂದು ಮಾತೂ ಹೇಳಿಕಳಿಸದೆ ಮಣ್ಣು ಮಾಡಿ ಮುಗಿಸಿದ್ದು. "ನನ್ನ ಕೈಲೆ ಒಂದ ಹಿಡಿ ಮಣ್ಣು ಬೀಳ್ಲಿಲ್ರಿ ನಮ್ಮಪ್ಪನ ಮ್ಯಾಲ!" ಎನ್ನುವಲ್ಲಿ ಎಂದಿನಂತೆ ಎದೆಗೆ ಗುದ್ದಿಕೊಂಡ.

ಅಜ್ಜನವರ ಕೈ ನೆಲದ ಮೇಲೆ ಆಡುತ್ತಲೇ ಇತ್ತು. "ಚಲೋ ಹೇಳ್ತಿ. ಇನ್ನೊಮ್ಮಿ ಹೇಳು. ಈ ಸಲ ನೀ ಗುರುಬಸಪ್ಪ."

ತೋಟಪ್ಪ ನಕ್ಕ. ಅಣ್ಣನನ್ನು ಅಣಕಿಸುತ್ತ ಮೂಗಿನಲ್ಲಿ ದನಿ ತೆಗೆದ. "ನಾನು ಗುರುಬಸಪ್ಪ. ಈ ಮನಿಗೆ ಹಿರ್ಯಾ. ಅಪ್ಪಗ ಮ್ಯಾಲುಸಿರು ಹತ್ತೇತಿ. ತಮ್ಮ ಮನ್ಯಾಗಿಲ್ಲ..."

"ಯಾಕಿಲ್ಲ?" ಅಜ್ಜನವರು ತಲೆಯೆತ್ತಲಿಲ್ಲ.

"ಅಪ್ಪನ ಕೂಡ ಜಗಳಾಡಿ ಹೋಗ್ಯಾನ. ನನ್ನ ಹುಡುಕ್ಕೋತ ಯಾರೂ ಬರಬ್ಯಾಡ್ರಿ ಅಂದು..."

ಅಣಕದ ದನಿ ತಗ್ಗಿತು. ಈರವ್ವ ಚೊಂಬು ಕೆಳಗಿಟ್ಟಳು. ಆ ಕಥೆಯಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ.

"ಮುಂದ?"

"ನಾನು... ನೆರಮನಿ ಸಂಗಣ್ಣನ್ನ ಕಳಿಸೀನಿ. ತಮ್ಮನ್ನ ಕರ್ಕೊಂಡ ಬಾ ಅಂತ..."

ಅಲ್ಲಿಗೆ ನಾಲಿಗೆ ನಿಂತಿತು. ಬಣ್ಣಗಾರನ ಮನೆಯ ಹಂಡೆಗಳ ಹಿಂದೆ ತಾನು ಉಸಿರು ಬಿಗಿಹಿಡಿದು ಕುಳಿತದ್ದು, ಸಂಗಣ್ಣ ಹೊರಗೆ ನಿಂತು ಮೂರು ಸಲ ಹೆಸರು ಹಿಡಿದು ಕೂಗಿದ್ದು ಕಣ್ಣಿಗೆ ಕಟ್ಟಿತು. ರಾಜಿಗೆ ಕರೆಯಲು ಬಂದಿದ್ದಾನೆ, ಅಪ್ಪ ಇನ್ನೆರಡು ದಿನ ದಾರಿ ಕಾಯಲಿ ಎಂದು ಅಡಗಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ; ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಅಜ್ಜನವರು ಆಗ ಮುಖವೆತ್ತಿ ನೋಡಿದರು. ಯಾರದು ತಪ್ಪೆಂದು ಕೇಳಲಿಲ್ಲ, ನ್ಯಾಯ ಹೇಳಲಿಲ್ಲ.

"ಇದರ ಕೊನಿ ನನಗ ಬ್ಯಾಡ. ಅಂವಗ ಹೇಳು."

ತೋಟಪ್ಪ ಅಣ್ಣನ ಮನೆ ಹೊಕ್ಕಾಗ ಗರಗಸ ಇನ್ನೂ ಕೈಯಲ್ಲೇ ಇತ್ತು. ಅತ್ತಿಗೆ ಚೀರಿದಳು. ಗುರುಬಸಪ್ಪ ಕಾಲಿಳಿಬಿಟ್ಟು ಕುಳಿತಿದ್ದ ಮಗ್ಗದ ಕುಣಿಯಿಂದ ಏಳಲಿಲ್ಲ. ಎರಡೂ ತೋಳು ಚಾಚಿ ಮಗ್ಗಕ್ಕೆ ಬಿಗಿದ ನೂಲಿಗೆ ಅಡ್ಡ ಹಿಡಿದ.

"ಅಣ್ಣಾ, ಸಂಗಣ್ಣ ಬಂದಿದ್ದ. ನಾ ನೋಡಿದ್ದೆ. ಅಡಗಿ ಕುಂತೆ."

ಗುರುಬಸಪ್ಪ ಚಾಚಿದ ತೋಳು ಕೆಳಗಿಳಿಸಿದ.

"ಗೊತ್ತೈತೋ ನನಗ. ಬಣ್ಣಗಾರನ ಬಾಗಲಾಗ ನಿನ್ನ ಚಪ್ಪಲಿ ಬಿದ್ದಿದ್ದು ಸಂಗಣ್ಣ ನೋಡಿ ಬಂದಿದ್ದ. ಯಾರ ಮುಂದೂ ಬಾಯಿ ಬಿಡಬ್ಯಾಡಂತ ನಾನ ಅವನ ಕಡಿಂದ ಆಣಿ ಹಾಕಿಸ್ಕೊಂಡೆ. ಇಲ್ಲಂದ್ರ ಓಣ್ಯಾಗ ನೀ ಹೆಂಗ ತಲಿ ಎತ್ತಿ ಅಡ್ಡಾಡಬೇಕು?"

ಹೊಡೆದಿದ್ದರೆ ತೋಟಪ್ಪ ತಡೆದುಕೊಳ್ಳುತ್ತಿದ್ದ. ವರ್ಷವಿಡೀ ತಾನು ಬೈದದ್ದನ್ನೆಲ್ಲ ಈತ ನುಂಗಿಕೊಂಡು ಕುಳಿತದ್ದು ತನ್ನ ಮಾನ ಕಾಯಲು! ಅವನು ಗರಗಸ ಎಸೆದು ಮಗ್ಗದ ಕುಣಿಯೊಳಕ್ಕೇ ಇಳಿದು ಅಣ್ಣನ ಕಾಲು ಹಿಡಿದ.

ಆ ಸಂಜೆ ಚಹಾದಂಗಡಿಯ ಮುಂದೆ, ತುಂಬಿದ ಜನರ ನಡುವೆ, ಮುಚ್ಚಿಟ್ಟ ಭಾಗವೂ ಸೇರಿ ಇಡೀ ಕಥೆ ಹೇಳಿದ. "ಸಾಕ ಬಿಡೋ ತಮ್ಮಾ" ಎಂದು ಗುರುಬಸಪ್ಪ ರಟ್ಟೆ ಹಿಡಿದೆಳೆದರೂ ಬಿಡಲಿಲ್ಲ. ಹೇಳಿ ಮುಗಿದ ಮೇಲೆ, ತಂದೆ ತೀರಿ ವರ್ಷವಾದ ಮೇಲೆ ಮೊದಲ ಸಲ, ತೋಟಪ್ಪ ತಂದೆಗಾಗಿ ಅತ್ತ.