ಕರಡಿಯ ಸ್ಕೀ ಬೇಡಿದ ಮೇಕೆ

ಹಿಮದ ಗುಡ್ಡದ ಮೇಲೆ, ಜಾರಲು ಕಾಲಿಗೆ ಕಟ್ಟುವ ಸ್ಕೀ ಹಲಗೆಗಳನ್ನು ಬಾಡಿಗೆಗೆ ಕೊಡುವ ನರಿಯ ಅಂಗಡಿಗೆ ಒಂದು ಮೇಕೆ ಬಂತು. ಅದು ಹಿಂದೆಂದೂ ಹಿಮದಲ್ಲಿ ಜಾರಿರಲಿಲ್ಲ. ಕತ್ತಲಾಗುವ ಮೊದಲು ಗುಡ್ಡದ ಕೆಳಗಿದ್ದ ತನ್ನ ಮರಿಯನ್ನು ಸೇರಬೇಕಿತ್ತು. ನರಿ ಅದಕ್ಕೆ ಗದ್ದದೆತ್ತರದ, ಬಳುಕುವ ಗಿಡ್ಡ ಸ್ಕೀ ಕೊಟ್ಟಿತು.

ಗೋಡೆಗೊರಗಿದ್ದ ಕರಡಿಯ ಉದ್ದ ಸ್ಕೀ ನೋಡಿ ಮೇಕೆ ಕೇಳಿತು, "ಒಳ್ಳೆಯದನ್ನು ಕರಡಿಗೆಂದು ಎತ್ತಿಟ್ಟಿದ್ದೀಯಾ, ನರಿಯಣ್ಣ?"

"ಅದು ಉದ್ದ, ಗಡುಸು, ಮೇಕೆಯಕ್ಕ. ಭಾರಕ್ಕೆ ಬಾಗಿದರೆ ಮಾತ್ರ ಸ್ಕೀ ತಿರುಗುತ್ತದೆ. ನಿನ್ನ ತೂಕಕ್ಕೆ ಅದು ಬಾಗದು."

"ನಿಜ," ಎಂದಿತು ಉದ್ದದ ಸ್ಕೀ.

"ಓಹೋ, ನಿನಗೂ ಹೇಳಿಕೊಟ್ಟಿದ್ದಾನೆ!" ಎಂದು ಮೇಕೆ ಅದನ್ನೇ ಕಟ್ಟಿಕೊಂಡು ಹೊರಟಿತು.

ಮೊದಲ ತಿರುವಿನಲ್ಲೇ ಸ್ಕೀ ಬಾಗಲಿಲ್ಲ, ಬಾಗದ್ದರಿಂದ ತಿರುಗಲೂ ಇಲ್ಲ. ಮೇಕೆ ನೆಟ್ಟಗೆ ಹೋಗಿ ಹಿಮದಲ್ಲಿ ಕುತ್ತಿಗೆವರೆಗೆ ಹೂತುಹೋಯಿತು. ನರಿ ಗಿಡ್ಡ ಸ್ಕೀ ಹಿಡಿದು ಓಡಿಬಂತು.

"ಇಷ್ಟು ಬೇಗ ಬಂದೆಯಲ್ಲ! ನಾನು ಬೀಳುವುದು ನಿನಗೆ ಮೊದಲೇ ಗೊತ್ತಿತ್ತು!"

"ಗೊತ್ತಿದ್ದದ್ದನ್ನೇ ಹೇಳಿದೆನಲ್ಲ, ಅಕ್ಕ."

ಕೆಳಗಿನಿಂದ ಮರಿ ಕೂಗಿತು. ಮೇಕೆ ಹಿಮದಿಂದ ಹೊರಬಂದು ಗಿಡ್ಡ ಸ್ಕೀಗೆ ಕಾಲು ಚಾಚಿತು.